ಮಳೆಯ ಮರುದಿನದ ರಸ್ತೆ: ಕಡೂರು, ತರೀಕೆರೆ, ಅಜ್ಜಂಪುರ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಬಿರುಗಾಳಿ ಮಳೆ, ಆಲಿಕಲ್ಲು ಮಳೆ ಅಥವಾ ಚಳಿಗಾಲದ ಜಡಿಮಳೆ ನಿಂತ ಮೇಲೆ ಊರ ರಸ್ತೆಗಳಲ್ಲಿ ವಾಹನ ಸಂಚಾರ ಹೇಗಿರುತ್ತದೆ ಎಂಬುದು ಈ ಲೇಖನದ ವಿಷಯ. ಉತ್ತರ ಅಕ್ಷಾಂಶ 13ರಿಂದ 14 ಡಿಗ್ರಿಯೊಳಗಿನ ಈ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಪಕ್ಕದ ಮುಳ್ಳಯ್ಯನಗಿರಿ 1,900 ಮೀಟರಿಗೂ ಎತ್ತರವಿದ್ದರೂ ಅಲ್ಲಿಯೂ ಮಂಜು ಕವಿಯುತ್ತದೆಯೇ ಹೊರತು ಹಿಮ ಕಟ್ಟುವುದಿಲ್ಲ. ಇಲ್ಲಿ ಚಕ್ರ ಜಾರಿಸುವುದು ಎರೆಮಣ್ಣು, ನಿಂತ ನೀರು, ಒದ್ದೆ ಎಲೆ ಮತ್ತು ಸುಗ್ಗಿಯ ಹುಲ್ಲು. ಮಳೆ ಸುರಿಯುತ್ತಿರುವಾಗ ಜನ ಹೇಗೂ ಮನೆ, ಅಂಗಡಿ, ಬಸ್‌ಸ್ಟ್ಯಾಂಡು ಸೇರಿಕೊಳ್ಳುತ್ತಾರೆ. ತೊಂದರೆ ಹೆಚ್ಚುವುದು ಮರುದಿನ ಬೆಳಿಗ್ಗೆ, ಹಾಲಿನ ಗಾಡಿ, ಶಾಲೆಯ ವ್ಯಾನು, ಸಂತೆಗೆ ಹೊರಟ ಲಗೇಜ್ ಆಟೊಗಳೆಲ್ಲ ಒಟ್ಟಿಗೆ ರಸ್ತೆಗಿಳಿದಾಗ.

ನೆಲ ಮತ್ತು ದಾರಿ

ಹಿಂದೆ ಈ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. 1865ರಲ್ಲಿ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಹೋಯಿತು. ಜಿಲ್ಲೆಯ ಹೆಸರು ಬದಲಾದದ್ದು 1947ರಲ್ಲಿ. ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. ಮೂರೂ ಊರುಗಳ ನಡುವಿನ ಗಂಟು ಬೀರೂರು. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಿಂದ ಶಿವಮೊಗ್ಗದ ಹಳಿ ಕವಲೊಡೆಯುವುದೂ ಇಲ್ಲಿಯೇ. ಒಂದು ಹಳಿ ತರೀಕೆರೆಯ ಕಡೆ, ಇನ್ನೊಂದು ಅಜ್ಜಂಪುರ, ಶಿವನಿಯ ಕಡೆ.

ಮುಖ್ಯ ರಸ್ತೆ ಹೊನ್ನಾವರದಿಂದ ಸಾಗರ, ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು, ಕಡೂರಿನ ಮೇಲೆ ಬರುವ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆ ಬದಲಾದ ಮೇಲೆ ಅದು 69 ಆಗಿದೆ, ಆದರೆ ಹಳೆಯ ಲಾರಿ ಚಾಲಕರ ಬಾಯಲ್ಲಿ ಇನ್ನೂ 206 ಎಂದೇ ಉಳಿದಿದೆ. ಇದನ್ನು ಕಡೂರಿನಲ್ಲಿ ಅಡ್ಡ ಹಾಯುವುದು ಮೂಡಿಗೆರೆ, ಚಿಕ್ಕಮಗಳೂರಿನಿಂದ ಹೊಳಲ್ಕೆರೆಯತ್ತ ಹೋಗುವ 173. ಈ ಎರಡನ್ನು ಬಿಟ್ಟರೆ ಉಳಿದವು ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಗ್ರಾಮ ರಸ್ತೆ ಮತ್ತು ಹೊಲದ ದಾರಿಗಳು. ಜನರ ದಿನನಿತ್ಯದ ಓಡಾಟ ಬಹುಪಾಲು ನಡೆಯುವುದು ಈ ಕೊನೆಯವುಗಳ ಮೇಲೆ, ಮಳೆಯ ಮರುದಿನ ಸುದ್ದಿಯಾಗದೆ ಕೆಡುವುದೂ ಇವೇ.

ಮಳೆಯ ಲೆಕ್ಕ ಹೊರಗಿನವರನ್ನು ದಾರಿ ತಪ್ಪಿಸುತ್ತದೆ. ಇದೇ ಜಿಲ್ಲೆಯ ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬಿದ್ದರೆ ಬಾಬಾಬುಡನ್ ಗಿರಿಶ್ರೇಣಿಯ ಮಳೆನೆರಳಿನಲ್ಲಿರುವ ಕಡೂರಿಗೆ ಸಿಗುವುದು 600 ಮಿ.ಮೀ. ಆಸುಪಾಸು. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಕಡೂರು ಮತ್ತೆ ಮತ್ತೆ ಕಾಣಿಸುತ್ತದೆ. ಮಳೆ ಕಡಿಮೆಯಾದ ಊರಿನಲ್ಲಿ ರಸ್ತೆಯ ತೊಂದರೆಯೂ ಕಡಿಮೆಯಿರಬೇಕು ಎಂದು ತೋರುತ್ತದೆ. ಹಾಗಾಗುವುದಿಲ್ಲ. ಮಲೆನಾಡಿನ ಮಳೆ ದಿನಗಟ್ಟಲೆ ಹಿಡಿಯುತ್ತದೆ, ಚರಂಡಿ ಅದಕ್ಕೆ ಒಗ್ಗಿರುತ್ತದೆ, ಚಾಲಕನೂ ಒಗ್ಗಿರುತ್ತಾನೆ. ಬಯಲುಸೀಮೆಯ ಮಳೆ ಒಂದು ಸಂಜೆಯಲ್ಲಿ ಬಂದು ಹೋಗುತ್ತದೆ. ವರ್ಷವಿಡೀ ಒಣಗಿದ್ದ ಮೋರಿಗಳಲ್ಲಿ ಕಸ, ತೆಂಗಿನ ಗರಿ, ಹೂಳು ತುಂಬಿರುತ್ತದೆ. ನೀರಿಗೆ ರಸ್ತೆಯೇ ಕಾಲುವೆ.

ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಮಧ್ಯಾಹ್ನದ ಕಾವಿನ ಮೇಲೆ ಗುಡುಗು ಸಹಿತ ಗಾಳಿಮಳೆ ಬರುತ್ತದೆ, ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಆಲಿಕಲ್ಲು ದಟ್ಟವಾಗಿ ಬಿದ್ದು ಕರಗುವ ಮುಂಚಿನ ಅಲ್ಪ ಹೊತ್ತು ಮಾತ್ರ ಇಲ್ಲಿನ ರಸ್ತೆ ಶೀತದೇಶದ ಹಿಮದ ರಸ್ತೆಯನ್ನು ಹೋಲುತ್ತದೆ. ಬ್ರೇಕು ಹಿಡಿದರೂ ಚಕ್ರದ ಕೆಳಗೆ ಕಲ್ಲು ಉರುಳುತ್ತಲೇ ಇರುತ್ತದೆ. ಹಿಮಾಚಲದಲ್ಲಿಯೂ ಕಾಶ್ಮೀರದಲ್ಲಿಯೂ ಯಂತ್ರದಿಂದ ಹಿಮ ತಳ್ಳಿ, ಉಪ್ಪು ಮರಳು ಎರಚಿ ದಾರಿ ಬಿಡಿಸುತ್ತಾರೆ. ಇಲ್ಲಿ ಅಂಥ ಏರ್ಪಾಡು ಬೇಕಿಲ್ಲ. ಹತ್ತಿಪ್ಪತ್ತು ನಿಮಿಷ ಗಾಡಿ ನಿಲ್ಲಿಸಿಕೊಂಡರೆ ನೆಲದ ಬಿಸಿಯೇ ಕೆಲಸ ಮುಗಿಸುತ್ತದೆ. ಹಾಗೆ ನಿಲ್ಲಿಸುವಾಗ ಮರದ ಬುಡ ಹುಡುಕುವುದು ಜನರ ಸಹಜ ಬುದ್ಧಿ. ಗಾಳಿಮಳೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಮೂರು ಮಣ್ಣು

ಬೀರೂರಿನಿಂದ ತರೀಕೆರೆಗೆ ಸುಮಾರು 30 ಕಿ.ಮೀ., ಅಜ್ಜಂಪುರಕ್ಕೆ ಸುಮಾರು 20. ಈ ಅಳತೆಯೊಳಗೆ ನೆಲ ಮೂರು ಬಣ್ಣ ತಿರುಗುತ್ತದೆ. ಒಂದೇ ಮಳೆ ಮೂರು ಬಗೆಯ ರಸ್ತೆ ಮಾಡುತ್ತದೆ. ಒಂದರಲ್ಲಿ ಪಳಗಿದ ಚಾಲಕ ಇನ್ನೊಂದರಲ್ಲಿ ಮೋಸಹೋಗುವುದು ಇದರಿಂದಲೇ.

ಕಡೂರಿನ ಸುತ್ತ, ಯಗಟಿ, ಸಿಂಗಟಗೆರೆ, ಪಂಚನಹಳ್ಳಿಗಳ ಕಡೆ, ಕೆಂಪು ಮರಳುಮಿಶ್ರಿತ ಮಣ್ಣು, ಗರಸು. ರಾಗಿ, ತೆಂಗು, ಹುರುಳಿಯ ನೆಲ. ನೀರು ಬೇಗ ಇಂಗುತ್ತದೆ, ಆದ್ದರಿಂದ ಬಿಸಿಲು ಬಿದ್ದ ಅರ್ಧ ದಿನಕ್ಕೆ ಹೊಲದ ದಾರಿ ಮತ್ತೆ ಗಟ್ಟಿ. ಆದರೆ ರಭಸದ ನೀರು ಈ ಮಣ್ಣನ್ನು ಕೊಚ್ಚುತ್ತದೆ. ಡಾಂಬರಿನ ಅಂಚಿನಲ್ಲಿ ಮಣ್ಣು ಕೊಚ್ಚಿಹೋಗಿ ಮೊಳಕಾಲುದ್ದದ ಕೊರಕಲು ಉಳಿಯುತ್ತದೆ. ಎದುರು ಬಸ್ಸು ಬಂತೆಂದು ಎಡಕ್ಕೆ ಇಳಿಸಿದ ಬೈಕಿನ ಚಕ್ರ ಅದರೊಳಗೆ ಕೂತರೆ ಸವಾರ ಬಸ್ಸಿನ ಕಡೆಗೇ ಬೀಳುತ್ತಾನೆ. ತಿರುವುಗಳಲ್ಲಿ ಹರಿದು ಬಂದ ಸಣ್ಣ ಮರಳು ಡಾಂಬರಿನ ಮೇಲೆ ತೆಳ್ಳಗೆ ಹರಡಿ ಒಣಗಿರುತ್ತದೆ. ಒದ್ದೆ ರಸ್ತೆಗೆ ಹೆದರುವ ಹುಡುಗರು ಒಣಗಿದ ಈ ಮರಳಿಗೆ ಹೆದರುವುದಿಲ್ಲ. ಮಳೆ ಬಿಟ್ಟ ಎರಡನೆಯ ದಿನವೂ ಬೈಕು ಜಾರುವುದಕ್ಕೆ ಇದೊಂದು ಕಾರಣ.

ಅಜ್ಜಂಪುರ, ಶಿವನಿ ಭಾಗದ ಎರೆಭೂಮಿಯ ಕಥೆ ಪೂರ್ತಿ ಬೇರೆ. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ಅದರ ಪದರಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ಹೊಲ ಮೊದಲ ಹದಮಳೆಗೆ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಹಾದ ರಸ್ತೆಯೂ ಈ ಉಸಿರಾಟದೊಂದಿಗೆ ಏರಿಳಿಯಬೇಕು. ಹೊಸ ಡಾಂಬರು ಒಂದೆರಡು ಮಳೆಗಾಲದಲ್ಲಿ ಅಲೆಅಲೆಯಾಗುವುದಕ್ಕೆ ಎಲ್ಲರೂ ಗುತ್ತಿಗೆದಾರನನ್ನೇ ಬಯ್ಯುತ್ತಾರೆ. ತಪ್ಪಿನಲ್ಲಿ ಒಂದು ಪಾಲು ನೆಲದ್ದೂ ಹೌದು. ರಸ್ತೆಯ ಬುನಾದಿಗೆ ಸುಣ್ಣ ಬೆರೆಸಿ ಜೇಡಿಯ ಉಬ್ಬರ ತಗ್ಗಿಸುವುದು, ಇಲ್ಲವೇ ಎರೆಯನ್ನು ತೆಗೆದು ಗರಸು ತುಂಬಿ ಮೇಲೆ ಜಲ್ಲಿ ಹಾಕುವುದು ಎಂಜಿನಿಯರುಗಳು ಬಲ್ಲ ಪರಿಹಾರ. ಊರ ರಸ್ತೆಯ ಸಣ್ಣ ಅಂದಾಜುಪಟ್ಟಿಯಲ್ಲಿ ಅದಕ್ಕೆ ಹಣ ಒದಗುವುದು ಅಪರೂಪ.

ಎರೆಯ ಹಸಿ ದಾರಿಯಲ್ಲಿ ಗಾಡಿ ಹೂತುಕೊಳ್ಳುವುದಕ್ಕಿಂತ ಮುಂಚೆ ಮೆತ್ತಿಕೊಳ್ಳುತ್ತದೆ. ಟೈರಿಗೆ ಮಣ್ಣು ಮುದ್ದೆಯ ಹಾಗೆ ಅಂಟಿ ಗೀರುಗಳೆಲ್ಲ ತುಂಬಿಹೋಗುತ್ತವೆ. ಬೈಕಿನಲ್ಲಾದರೆ ಅದು ಮಡ್‌ಗಾರ್ಡಿನೊಳಗೆ ಸೇರಿ ಚಕ್ರವನ್ನೇ ಕಚ್ಚುತ್ತದೆ. ಗಾಡಿ ಮಗುಚುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ಇಳಿದು ಕಡ್ಡಿಯಿಂದ ಕೆರೆದು ಹತ್ತು ಮಾರು ಹೋದರೆ ಮತ್ತೆ ಅದೇ ಪಾಡು. ಅದಕ್ಕೇ ಇಲ್ಲಿನ ರೈತರು ಹದ ಮೀರಿದ ಮಳೆಯಾದರೆ ಬೈಕನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ಹೊಲಕ್ಕೆ ನಡೆದು ಹೋಗುತ್ತಾರೆ. ಟ್ರ್ಯಾಕ್ಟರಿನವರು ಕೆಸರು ಉಳುವ ಕೇಜ್ ವೀಲ್ ಹಾಕಿ ಪಾರಾಗಬಹುದು, ಆದರೆ ಕೇಜ್ ವೀಲ್ ತೊಟ್ಟೇ ಡಾಂಬರಿಗೆ ಹತ್ತುವವರಿಂದ ರಸ್ತೆ ಹಾಳಾಗುತ್ತದೆ.

ಎರೆಯ ಅಪಾಯ ಹೊಲದ ದಾರಿಗಷ್ಟೇ ಸೀಮಿತವಲ್ಲ. ಅಜ್ಜಂಪುರದ ಸುತ್ತ ಈರುಳ್ಳಿ ದೊಡ್ಡ ಬೆಳೆ. ಮುಂಗಾರಿನ ಈರುಳ್ಳಿ ಕಿತ್ತು ಹೊರೆ ಸಾಗಿಸುವ ಆಗಸ್ಟ್, ಸೆಪ್ಟೆಂಬರು, ಅಕ್ಟೋಬರಿನ ದಿನಗಳೆಂದರೆ ಮಘೆ, ಹುಬ್ಬೆ, ಉತ್ತರೆ, ಹಸ್ತ ಮಳೆಗಳ ದಿನಗಳೂ ಹೌದು. ಟ್ರೈಲರುಗಳು ಹೊಲದಿಂದ ಮೇಲೆ ಬರುವಾಗ ಚಕ್ರದ ಜೇಡಿಯನ್ನು ಹೆದ್ದಾರಿಯವರೆಗೂ ತಂದು ಉದುರಿಸುತ್ತವೆ. ಆ ಹೆಂಟೆಗಳ ಮೇಲೆ ತುಂತುರು ಬಿದ್ದಾಗ ಡಾಂಬರಿನ ಮೇಲೆ ಎಣ್ಣೆ ಸವರಿದಂಥ ಪದರ ಏಳುತ್ತದೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ತುಂತುರು ತೊಳೆಯುವುದಿಲ್ಲ. ದೊಡ್ಡ ಮಳೆಗಿಂತ ಸಣ್ಣ ಮಳೆಯೇ ಇಲ್ಲಿ ಹೆಚ್ಚು ಜನರನ್ನು ಬೀಳಿಸುತ್ತದೆ ಎಂದು ಹೇಳಬಹುದು.

ಮೋಟಾರಿಗೂ ಹಿಂದೆ ಈ ನೆಲದಲ್ಲಿ ಭಾರ ಎಳೆದದ್ದು ಅಮೃತಮಹಲ್ ಎತ್ತುಗಳು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿ ಆರಂಭವಾದ ಈ ಪಶುವಿಭಾಗಕ್ಕೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. ಫಿರಂಗಿ ಮತ್ತು ಸಾಮಾನಿನ ಬಂಡಿಗಳನ್ನು ಸೈನ್ಯದ ನಡಿಗೆಗೆ ಸರಿಯಾಗಿ ಎಳೆಯುವ ಬಿರುಸಿಗೆ ಆ ತಳಿ ಪ್ರಸಿದ್ಧ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾದದ್ದು 1929ರಲ್ಲಿ, ಅದು ಇಂದಿಗೂ ಇದೆ. ಗೊರಸು ಎರೆಯಲ್ಲಿ ಇಳಿದರೂ ಮೇಲೆ ಬರುತ್ತದೆ. ಟೈರಿಗೆ ಆ ಅನುಕೂಲವಿಲ್ಲ.

ಮೂರನೆಯದು ತರೀಕೆರೆಯ ಪಶ್ಚಿಮದ ನೆಲ. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಬುಡದಿಂದ ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿ ಕಬ್ಬಿಣದ ಅಂಶ ತುಂಬಿದ ಕೆಂಪು ಜಂಬಿಟ್ಟಿಗೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇಲ್ಲಿಂದಲೇ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1,434 ಮೀಟರು ಎತ್ತರದಲ್ಲಿದೆ. ಬೀರೂರಿನ ಕಡೆಯಿಂದ ಹೊರಟವರು ಒಂದೂವರೆ ಗಂಟೆಯೊಳಗೆ ಒಣ ಬಯಲಿನಿಂದ ಮೋಡದೊಳಗೆ ಹೋಗುತ್ತಾರೆ. ಜೋರು ಮಳೆಯ ಮರುದಿನ ಈ ದಾರಿಯಲ್ಲಿ ನೋಡಬೇಕಾದ್ದು ಮೇಲಿನ ದರೆಯನ್ನು. ನೀರು ಕುಡಿದ ದರೆ ಮಳೆ ನಿಂತ ಮೇಲೂ ಕುಸಿಯಬಹುದು. ದರೆಯಿಂದ ಕೆಸರು ಬಣ್ಣದ ಹೊಸ ನೀರು ಒಸರುತ್ತಿದ್ದರೆ, ಮರ ದಾರಿಯ ಕಡೆ ವಾಲಿದ್ದರೆ, ರಸ್ತೆಯ ಮೇಲೆ ತಾಜಾ ಕಲ್ಲುಮಣ್ಣು ಬಿದ್ದಿದ್ದರೆ ಅಲ್ಲಿ ನಿಂತು ಫೋಟೊ ತೆಗೆಯುವುದು ಸಲ್ಲದು. ಇಳಿಯುವಾಗ ಯಾವ ಗೇರಿನಲ್ಲಿ ಏರಿದ್ದಿರೋ ಅದೇ ಗೇರು ಎಂಬುದು ಘಟ್ಟದ ಚಾಲಕರ ಹಳೆಯ ಪಾಠ. ಇಳಿಜಾರಿನುದ್ದಕ್ಕೂ ಬ್ರೇಕು ತುಳಿದೇ ಬಂದರೆ ಅದು ಕಾದು ಕಚ್ಚುವುದನ್ನೇ ಬಿಡುತ್ತದೆ. ಒದ್ದೆ ಎಲೆ, ಪಾಚಿ, ಕಾಫಿ ತೋಟದ ಸಿಲ್ವರ್ ಓಕಿನ ಕೊಂಬೆಗಳು ಮೇಲೆ ಸೇರಿದರೆ ಘಟ್ಟದ ತಿರುವು ಬಯಲಿನವರಿಗೆ ಒಗ್ಗುವುದಿಲ್ಲ. ಲಕ್ಕವಳ್ಳಿಯ ಕಡೆ ಭದ್ರಾ ಅಭಯಾರಣ್ಯದ ಅಂಚಿನ ದಾರಿಗಳಲ್ಲಿ ಕಾಡುಪ್ರಾಣಿಗಳ ಕಾಟವೂ ಇದೆ.

ಹಳ್ಳ, ಕೋಡಿ, ಕೆಳಸೇತುವೆ

ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ, ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಮುಂದೆ ಅದು ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ಸೇರುತ್ತದೆ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಭದ್ರೆಯ ನೀರನ್ನು ಮೇಲೆತ್ತಿ ಅಜ್ಜಂಪುರದ ಸುಮಾರು 7 ಕಿ.ಮೀ. ಸುರಂಗದ ಮೂಲಕ ಹಾಯಿಸುವ ಭದ್ರಾ ಮೇಲ್ದಂಡೆ ಯೋಜನೆಯೂ ಈಗ ಈ ನದಿಪಾತ್ರಕ್ಕೆ ನೀರು ಸೇರಿಸುತ್ತದೆ. ಎಂದರೆ ಊರಿನಲ್ಲಿ ಮಳೆ ಬೀಳದಿದ್ದರೂ ಹಳ್ಳ ತುಂಬಿರಬಹುದು.

ಹಳ್ಳ ಬಂದಿದೆ ಎಂದರೆ ಸ್ಥಳೀಯರು ಮೊದಲು ಕೇಳುವುದು ಎಷ್ಟು ಬಂದಿದೆ ಎಂದಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು. ಬಯಲುಸೀಮೆಯ ಹಳ್ಳ ಬಂದಷ್ಟೇ ಬೇಗ ಇಳಿಯುತ್ತದೆ, ಆದ್ದರಿಂದ ಒಂದೆರಡು ಗಂಟೆ ಕಾಯುವುದು ನಷ್ಟದ ವ್ಯವಹಾರವಲ್ಲ. ಒಂದಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಿ ಸರಿಸಬಲ್ಲದು. ಎರಡಡಿಯಾದರೆ ದೊಡ್ಡ ಗಾಡಿಗಳಿಗೂ ಅದೇ ಗತಿ. ಕೆಂಪು ನೀರಿನಡಿ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ತಿಳಿಯದು.

ಹಳೆಯ ಮೈಸೂರು ಸೀಮೆಯ ಊರ ದಾರಿಗಳು ಅನೇಕ ಕಡೆ ಕೆರೆ ಏರಿಯ ಮೇಲೆಯೇ ಹೋಗುತ್ತವೆ. ಒಂದು ಕಡೆ ನೀರು, ಇನ್ನೊಂದು ಕಡೆ ತೋಟದ ತಗ್ಗು, ಮಧ್ಯೆ ಒಂದೂವರೆ ಗಾಡಿಯ ಅಗಲ. ಮಳೆಯ ಮೇಲೆ ಏರಿಯ ಅಂಚು ಮೆತ್ತಗಾಗಿರುತ್ತದೆ, ಹುಲ್ಲು ಬೆಳೆದು ಅಂಚೆಲ್ಲಿ ಎಂಬುದೇ ಕಾಣದು. ಎದುರಾದ ಎರಡು ಗಾಡಿಗಳಲ್ಲಿ ಹಗುರದ್ದು ಹಿಂದಕ್ಕೆ ಹೋಗಬೇಕು ಎಂಬುದು ಒಪ್ಪಿತ ಮರ್ಯಾದೆ. ಕೆರೆ ಕೋಡಿ ಬಿದ್ದ ದಿನವಂತೂ ಬಾಗಿನ ಕೊಡಲು, ನೋಡಲು ಬಂದ ಜನರ ಬೈಕುಗಳು ಏರಿಯುದ್ದಕ್ಕೂ ನಿಂತಿರುತ್ತವೆ.

ಹೊಸ ಕಾಲದ ಹಳ್ಳವೆಂದರೆ ರೈಲ್ವೆ ಕೆಳಸೇತುವೆ. ಬ್ರಾಡ್‌ಗೇಜ್ ಹಳಿಗಳ ಮೇಲಿನ ಕಾವಲಿಲ್ಲದ ಗೇಟುಗಳನ್ನು ರೈಲ್ವೆ 2019ರ ಜನವರಿಯ ಹೊತ್ತಿಗೆ ಮುಚ್ಚಿತು. ಜೀವ ಉಳಿಸಿದ ಕೆಲಸ, ಸಂಶಯವಿಲ್ಲ. ಆದರೆ ಗೇಟಿದ್ದ ಕಡೆ ನೆಲ ಅಗೆದು ಇಳಿಸಿದ ಕೆಳದಾರಿ ಮಳೆನೀರಿಗೆ ಬಾವಿಯಾಗುತ್ತದೆ. ನೀರಿನಲ್ಲಿ ಗಾಡಿ ಆಫಾದರೆ ಮತ್ತೆ ಸ್ಟಾರ್ಟ್ ಮಾಡಬಾರದು. ಸಿಲಿಂಡರಿಗೆ ಹೊಕ್ಕ ನೀರು ಅದುಮಲು ಬಗ್ಗದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಸಾಮಾನ್ಯ ವಿಮೆ ಇದನ್ನು ಭರಿಸುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿರಬೇಕು. ನೀರು ದಾಟಿ ಬಂದ ಮೇಲೆ ನಿಧಾನವಾಗಿ ಹೋಗುತ್ತ ಬ್ರೇಕನ್ನು ನಾಲ್ಕಾರು ಸಲ ಮೆಲ್ಲನೆ ಒತ್ತಿದರೆ ಅದು ಒಣಗುತ್ತದೆ.

ಮರ, ತಂತಿ, ಟೈರು

ಭರಣಿ, ಕೃತ್ತಿಕೆಯ ಗಾಳಿಗೆ ರಸ್ತೆ ಬದಿಯ ಹುಣಸೆ, ನೀಲಗಿರಿ, ತೆಂಗುಗಳು ಉರುಳುತ್ತವೆ, ಜೊತೆಗೆ ವಿದ್ಯುತ್ ಕಂಬಗಳೂ. ಈ ಜಿಲ್ಲೆಯ ವಿದ್ಯುತ್ ಸರಬರಾಜು ಮೆಸ್ಕಾಂನದು, ದೂರಿನ ಸಂಖ್ಯೆ 1912. ಬಿದ್ದ ತಂತಿಯಲ್ಲಿ ಕರೆಂಟಿಲ್ಲ ಎಂದು ಊಹಿಸಬಾರದು. ಒದ್ದೆ ನೆಲದಲ್ಲಿ ತಂತಿಯಿಂದ ದೂರ ಸರಿದಂತೆ ವೋಲ್ಟೇಜು ಇಳಿಯುತ್ತ ಹೋಗುವುದರಿಂದ ದೊಡ್ಡ ಹೆಜ್ಜೆ ಇಟ್ಟರೆ ಎರಡು ಕಾಲುಗಳ ನಡುವಿನ ವ್ಯತ್ಯಾಸವೇ ಶಾಕ್ ಕೊಡಬಹುದು. ಗಾಡಿಯ ಮೇಲೆ ತಂತಿ ಬಿದ್ದರೆ ಒಳಗೇ ಕೂತಿರುವುದು ಕ್ಷೇಮ. ಮರ ಬಿದ್ದರೆ ಇಲಾಖೆ ಬರುವ ಮುಂಚೆ ಊರಿನವರೇ ಮಚ್ಚು, ಗರಗಸ ತಂದು ಒಂದು ಬೈಕಿನಷ್ಟು ದಾರಿ ಬಿಡಿಸಿರುತ್ತಾರೆ. ಕಾರಿನವರು ತಮಗೂ ದಾರಿಯಾಯಿತೆಂದು ನುಗ್ಗಿ ಸಿಕ್ಕಿಕೊಳ್ಳುವುದುಂಟು.

ಚಾಲನೆಯ ಲೆಕ್ಕ ಸರಳ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕು ಒತ್ತಿದ ಕಾರು ಒಣ ಡಾಂಬರಿನಲ್ಲಿ ಸುಮಾರು 20 ಮೀಟರಿಗೆ ನಿಂತರೆ ಒದ್ದೆಯಲ್ಲಿ ಸುಮಾರು 35 ಮೀಟರು ಬೇಕು. ಕಣ್ಣು ಕಂಡು ಕಾಲು ಒತ್ತುವಷ್ಟರಲ್ಲಿ ಕಳೆದ 25 ಮೀಟರು ಇದಕ್ಕೆ ಬೇರೆ. ಹೆದ್ದಾರಿಯಲ್ಲಿ ನೀರು ನಿಂತಿದ್ದರೆ ಒಳ್ಳೆಯ ಟೈರಿನ ಕಾರೂ 90 ಕಿ.ಮೀ. ಆಸುಪಾಸಿನಲ್ಲಿ ನೀರಿನ ಪದರದ ಮೇಲೆ ತೇಲಬಹುದು, ಸವೆದ ಟೈರಾದರೆ ಅದಕ್ಕೂ ಮೊದಲೇ. ಕಾರಿನ ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಿರಬಾರದು, ದ್ವಿಚಕ್ರ ವಾಹನಗಳಿಗೆ 0.8 ಎಂಬುದು ನಿಯಮ. ನಿಯಮದ ಅಂಚಿನಲ್ಲಿರುವ ಟೈರು ಒದ್ದೆ ರಸ್ತೆಗೆ ಸಾಲದು. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯವಾಗಿದೆ. ಹಳ್ಳಿಗಳಲ್ಲಿ ಹೆಚ್ಚಾಗಿ ಓಡುವ 100 ಸಿಸಿ ಗಾಡಿಗಳಿಗೆ ಆ ರಕ್ಷೆಯಿಲ್ಲ.

ರಸ್ತೆಯ ಬೆನ್ನಿನ ಉಬ್ಬು ನೀರನ್ನು ಬದಿಗೆ ಇಳಿಸಬೇಕು. ಜೋರು ಮಳೆಯ ಪ್ರದೇಶದಲ್ಲಿ ತೆಳು ಡಾಂಬರಿಗೆ ನೂರಕ್ಕೆ ಎರಡೂವರೆ, ಮಣ್ಣಿನ ರಸ್ತೆಗೆ ನೂರಕ್ಕೆ ನಾಲ್ಕರಷ್ಟು ಇಳಿಜಾರು ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಲೋಕೋಪಯೋಗಿ ಇಲಾಖೆಯದಾಗಲಿ, ಪಂಚಾಯತ್‌ರಾಜ್ ಎಂಜಿನಿಯರಿಂಗ್ ವಿಭಾಗದ್ದಾಗಲಿ, 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದಾಗಲಿ, ಕಾಗದದಲ್ಲಿ ಈ ಉಬ್ಬು ಇರುತ್ತದೆ. ಇಳಿದ ನೀರನ್ನು ಒಯ್ಯಬೇಕಾದ ಚರಂಡಿ ಮಾತ್ರ ಹೊಲದವರ ಒತ್ತುವರಿಗೋ ಮನೆ ಮುಂದಿನ ಮೆಟ್ಟಿಲಿಗೋ ಸಿಕ್ಕಿ ಮಾಯವಾಗಿರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ, ಉಳಿದೆಡೆ 112ಕ್ಕೆ ಕರೆ ಮಾಡಬಹುದು.

ಚಳಿಗಾಲ

ನವೆಂಬರಿನಿಂದ ಜನವರಿಯವರೆಗಿನ ಕಾಲವನ್ನು ಒಣಗಾಲವೆಂದು ಬಗೆಯುವ ರೂಢಿಯಿದೆ. ಆದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಬಿಸಿಲು ಕಾಣದ ಎರಡು ಮೂರು ದಿನದ ಜಡಿಮಳೆಯನ್ನು ಇಲ್ಲಿಯವರೆಗೂ ತಳ್ಳುತ್ತವೆ. 2021ರ ನವೆಂಬರಿನ ಅಕಾಲ ಮಳೆ ರಾಜ್ಯದಾದ್ಯಂತ ರಾಗಿ, ಭತ್ತ, ಕಾಫಿ, ಅಡಿಕೆಗಳನ್ನು ಕೆಡಿಸಿತು. ಇಂಥ ಮಳೆ ರಸ್ತೆಯ ಗುಂಡಿಗಳನ್ನು ನೀರಿನಡಿ ದಿನಗಟ್ಟಲೆ ಮುಚ್ಚಿಡುತ್ತದೆ. ಅದು ಬಿಟ್ಟ ಮೇಲೆ ಹಸಿ ನೆಲದಿಂದ ಬೆಳಗಿನ ಮಂಜೇಳುತ್ತದೆ, ತರೀಕೆರೆಯ ಅಡಿಕೆ ತೋಟಗಳ ತಗ್ಗಿನಲ್ಲಿ, ಕೆರೆಯಂಗಳಗಳಲ್ಲಿ ವಿಶೇಷವಾಗಿ. ಮಂಜಿನಲ್ಲಿ ಹೆಡ್‌ಲೈಟನ್ನು ಡಿಮ್ ಮಾಡಿಕೊಳ್ಳಬೇಕು. ಪೂರ್ತಿ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ತಿರುಗುತ್ತದೆ. ಹಿಂದೆ ರಿಫ್ಲೆಕ್ಟರಿಲ್ಲದ ಟ್ರೈಲರು ಆ ಹೊತ್ತಿನ ದೊಡ್ಡ ಗಂಡಾಂತರ.

ಮಳೆಗೆ ಕಣ ಕೆಟ್ಟಾಗ ರೈತರು ಬೇಗ ಒಣಗುವ ಜಾಗ ಹುಡುಕಿ ತೆನೆಯನ್ನು ಡಾಂಬರಿನ ಮೇಲೆ ಹಾಸುತ್ತಾರೆ, ಓಡಾಡುವ ಗಾಡಿಗಳೇ ರೋಣಗಲ್ಲಿನ ಕೆಲಸ ಮಾಡುತ್ತವೆ. ರಾಗಿ, ಹುರುಳಿ, ಅವರೆ ಎಲ್ಲವೂ ಹೀಗೆ ರಸ್ತೆಗೆ ಬರುತ್ತವೆ. ಅಡಿಯಷ್ಟು ದಪ್ಪ ಹುಲ್ಲಿನ ಮೇಲೆ ಬೈಕಿನ ಮುಂಬ್ರೇಕು ಹಿಡಿದರೆ ಬಿದ್ದಂತೆಯೇ. ಹಾಸಿಗೆಯ ಅಂಚಿಗೆ ಇಟ್ಟ ಕಲ್ಲುಗಳು ಮುಸ್ಸಂಜೆಯಲ್ಲಿ ಕಾಣುವುದಿಲ್ಲ. ಕಾರಿಗೆ ಬೇರೆ ಅಪಾಯ: ಹುರುಳಿ ಬಳ್ಳಿ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು ಬಿಗಿಯಾಗಿ, ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ರಾಜ್ಯದ ಹಲವೆಡೆ ಕಾರುಗಳು ಹೀಗೆ ಸುಟ್ಟಿವೆ. ಸುಟ್ಟ ವಾಸನೆ ಬಂದರೆ ಹುಲ್ಲಿನ ಹಾಸಿನಿಂದ ಆಚೆ ಹೋಗಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು ಕಾವು ಆರಿದ ಮೇಲೆ ಬಳ್ಳಿಯನ್ನು ಕತ್ತರಿಸಿ ತೆಗೆಯಬೇಕು.

ರಸ್ತೆಯಲ್ಲಿ ಒಕ್ಕಣೆ ಮಾಡಬಾರದೆಂದು ಅಧಿಕಾರಿಗಳು ಸುಗ್ಗಿಯಲ್ಲಿ ಎಚ್ಚರಿಸುತ್ತಾರೆ, ಪಂಚಾಯಿತಿಗಳ ಮೂಲಕ ಸಿಮೆಂಟಿನ ಒಕ್ಕಣೆ ಕಣಗಳೂ ಕೆಲವೆಡೆ ಆಗಿವೆ. ರಾಗಿಗೆ ಯಂತ್ರ ಬಂದ ಮೇಲೆ ಈ ರೂಢಿ ತಗ್ಗಿದೆ. ಬೇರುಸಹಿತ ಕಿತ್ತು ಒಣಗಿಸುವ ಹುರುಳಿಯನ್ನು ಮಾತ್ರ ಕಡೂರಿನ ಕಡೆ ಈಗಲೂ ರಸ್ತೆಗೆ ತರುತ್ತಾರೆ.